ಅಡುಗೆಮನೆಗೆ ಬೀಗ ಬಿದ್ದ ಮನೆ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಬಳಿ ಬಂದವರು ಮಂಡ್ಯ ಕಡೆಯ ದಂಪತಿ. ಬೈಕ್ ಅಪಘಾತದಲ್ಲಿ ಗಂಡನ ತಲೆಯ ಮುಂಭಾಗಕ್ಕೆ ಪೆಟ್ಟು ಬಿದ್ದು ಏಳು ತಿಂಗಳಾಗಿತ್ತು. ನಡೆಯುತ್ತಾರೆ, ಮಾತಾಡುತ್ತಾರೆ. ಆದರೆ ಮರೆವು, ಸಿಡುಕು ಜಾಸ್ತಿ. ಹೆಂಡತಿ ಯಾವುದೋ ವಿಡಿಯೊ ನೋಡಿ ಕೀಟೊ, ಅಂದರೆ ಪಿಷ್ಟ-ಸಕ್ಕರೆ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಪಥ್ಯ, ಶುರು ಮಾಡಿಸಿದ್ದರು. ಅನ್ನ, ಮುದ್ದೆ, ಬಾಳೆಹಣ್ಣು ಬಂದ್. ಬರೀ ಮೊಟ್ಟೆ, ಪನೀರ್, ತುಪ್ಪ. ಅತ್ತೆ ಕದ್ದುಮುಚ್ಚಿ ಮಗನಿಗೆ ಮುದ್ದೆ ತಿನ್ನಿಸುತ್ತಿದ್ದರು. ಕೊನೆಗೆ ಸೊಸೆ ಅಡುಗೆಮನೆಗೆ ಬೀಗ ಹಾಕಿದರು.

"ಇವರಿಗೆ ವಾಸಿಯಾಗ್ಲಿ ಅಂತ ತಾನೇ ಮೇಡಂ ಮಾಡ್ತಿರೋದು? ಸುಮ್ನೆ ಕೂತು ನೋಡ್ತಾ ಇರೋಕಾಗಲ್ಲ ನನಗೆ."

ಅವರ ಯೋಚನೆ ಬುಡವಿಲ್ಲದ್ದಲ್ಲ. ಪೆಟ್ಟಾದ ಮೆದುಳಿಗೆ ಗ್ಲೂಕೋಸ್ ಬಳಸುವುದು ಕಷ್ಟವಾಗಬಹುದು. ಲಿವರ್ ಕೊಬ್ಬಿನಿಂದ ತಯಾರಿಸುವ ಕೀಟೋನ್‌ಗಳನ್ನೂ ಮೆದುಳು ಬಳಸಿಕೊಳ್ಳುತ್ತದೆ. ಮಾತ್ರೆಗೆ ಬಗ್ಗದ ಮೂರ್ಛೆಗೆ, ಅದರಲ್ಲೂ ಮಕ್ಕಳಿಗೆ, ಈ ಪಥ್ಯ 1920ರ ದಶಕದಿಂದಲೇ ಬಳಕೆಯಲ್ಲಿದೆ. ತಲೆಪೆಟ್ಟಿನ ವಿಷಯ ಬೇರೆ. ಅಲ್ಲಿ ಹೆಚ್ಚಿನ ಪ್ರಯೋಗ ನಡೆದಿರುವುದು ಇಲಿಗಳ ಮೇಲೆ. ಮನುಷ್ಯರ ಮೇಲಿನವು ಕಡಿಮೆ, ಚಿಕ್ಕವು. ಮರೆವು ಹೋಗುತ್ತದೆ ಎಂದು ಯಾರೂ ಮಾತು ಕೊಡಲಾರರು.

ನನ್ನನ್ನು ಹೆದರಿಸಿದ್ದು ಮಾತ್ರೆಯ ಚೀಟಿ. ಅದರಲ್ಲಿ ಫಿಟ್ಸ್‌ಗೆ (ಮೂರ್ಛೆಗೆ) ಕೊಡುವ ವಾಲ್‌ಪ್ರೊಯೇಟ್ ಎಂಬ ಮಾತ್ರೆ ಇತ್ತು. ಅದರ ಜೊತೆ ಕೀಟೊ ಅಂದರೆ ಲಿವರ್ ಮೇಲೆ ಕಣ್ಣಿಡಬೇಕು, ಆಗಾಗ ರಕ್ತಪರೀಕ್ಷೆ ಬೇಕು. ಡಾಕ್ಟರಿಗೆ ವಿಷಯವನ್ನೇ ತಿಳಿಸಿರಲಿಲ್ಲ. ತೂಕ ಬೇರೆ ಇಳಿಯುತ್ತಿತ್ತು.

ಇನ್ನೊಂದು ತಮಾಷೆ. ಕೀಟೊದಲ್ಲಿ ದಿನಕ್ಕೆ ಕಾರ್ಬೊಹೈಡ್ರೇಟ್ (ಪಿಷ್ಟ, ಸಕ್ಕರೆ) ಸಾಮಾನ್ಯವಾಗಿ 50 ಗ್ರಾಂ ದಾಟಬಾರದು. 100 ಗ್ರಾಂ ರಾಗಿ ಹಿಟ್ಟಿನಲ್ಲೇ ಸುಮಾರು 70 ಗ್ರಾಂ ಇರುತ್ತದೆ. ಅತ್ತೆಯ ಮುದ್ದೆ ಒಳಗೆ ಹೋದ ದಿನ ಕೀಟೊ ಎಲ್ಲಿಂದ ಬರಬೇಕು? ಉಳಿದದ್ದು ಜಗಳ ಮಾತ್ರ.

ಗಂಡ ಒಬ್ಬರೇ ಇದ್ದಾಗ ಅವರ ಜೊತೆ ಮಾತಾಡಿದೆ. "ಇವಳು ಯಾಕೋ ಊಟ ಹಾಕಲ್ಲ ಮೇಡಂ" ಎಂದರು. ಹೆಂಡತಿ ಕಾರಣ ಹೇಳಿದ್ದರು, ಹಲವು ಸಲ. ಅವರಿಗೆ ನೆನಪಿಲ್ಲ. ಮುಂಭಾಗಕ್ಕೆ ಪೆಟ್ಟಾದವರಿಗೆ ಆಸೆ ತಡೆದುಕೊಳ್ಳುವುದೂ ಕಷ್ಟ. ಅಂಥವರ ಎದುರು ಬೀಗ ಹಾಕಿದರೆ ಶಿಕ್ಷೆಯಂತೆ ಕಾಣುತ್ತದೆ, ಅಲ್ವಾ?

ಹೆಂಡತಿಗೆ ಹೇಳಿದ್ದು ಇಷ್ಟು. ಬೀಗ ಇವತ್ತೇ ತೆಗೆಯಿರಿ. ಮಾತ್ರೆ ಒಂದನ್ನೂ ಬಿಡಿಸಬೇಡಿ. ಈ ವಾರವೇ ನರರೋಗ ತಜ್ಞರ ಬಳಿ ಹೋಗಿ, ಏನೇನು ತಿನ್ನಿಸಿದ್ದೀರಿ ಎಂದು ಮುಚ್ಚಿಡದೆ ಹೇಳಿ. ಅವರು ಒಪ್ಪಿದರೆ ಡಯಟಿಷಿಯನ್ ಜೊತೆ ಕೂತು, ಎಷ್ಟು ದಿನ, ಯಾವುದನ್ನು ನೋಡಿ ನಿಲ್ಲಿಸುವುದು ಎಂದು ಮೊದಲೇ ಗೊತ್ತುಮಾಡಿ. ಗಂಡನನ್ನೂ ಕೇಳಿ. ಒಪ್ಪಿದರೆ ಕಾರಣವನ್ನು ಅವರ ಕೈಯಿಂದಲೇ ಬರೆಸಿ ಫ್ರಿಜ್ ಮೇಲೆ ಅಂಟಿಸಿ.

ಡಾಕ್ಟರ್ ಸದ್ಯಕ್ಕೆ ಬೇಡ, ಮೊದಲು ತೂಕ ಏರಲಿ ಎಂದರು. ಹೆಂಡತಿಗೆ ಬೇಸರವಾಯಿತು. ಕೈಯಲ್ಲಿದ್ದ ಒಂದೇ ಕೆಲಸವೂ ಹೋಯಿತಲ್ಲ. ಈಗ ಫಿಟ್ಸ್, ನಿದ್ದೆ, ತೂಕ ಬರೆದಿಡುವ ಡೈರಿ ಅವರದು. ಅತ್ತೆಯ ಮುಖದಲ್ಲಿ ಗೆದ್ದ ಕಳೆ. ಮುಂದಿನ ಸಲ ಅವರೂ ಬರಲಿ ಎಂದು ಹೇಳಿದ್ದೇನೆ.