ಎರೆ ಮಣ್ಣಿನ ಸೈಟಿನಲ್ಲಿ ಪಾಯ ಹಾಕುವ ಮುನ್ನ ಮಣ್ಣಿನ ಪರೀಕ್ಷೆ ಬೇಕೇ?
ಗದಗ, ಧಾರವಾಡ ಕಡೆಯ ಎರೆ ಮಣ್ಣಾದರೆ ಬೇಕೇ ಬೇಕು. ಮಳೆಗೆ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಮಣ್ಣದು. ಮೇಲಿನ ಗೋಡೆಯನ್ನೂ ಸೀಳುತ್ತದೆ. (ಅಕ್ಕಪಕ್ಕದ ಹಳೆಯ ಮನೆಗಳ ಗೋಡೆ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.)

ಮೊದಲು ಒಂದೆರಡು ಕಡೆ ಗುಂಡಿ ತೋಡಿಸಿ. ಐದಾರು ಅಡಿಯೊಳಗೆ ಗಟ್ಟಿ ಗರಸು ಸಿಕ್ಕರೆ ಪಾಯವನ್ನು ಅಲ್ಲಿಗೇ ಇಳಿಸಬಹುದು. ಸಿಗದಿದ್ದರೆ ಲ್ಯಾಬಿನಲ್ಲಿ ಉಬ್ಬುವಿಕೆ ಪರೀಕ್ಷೆ ಮಾಡಿಸಿ. 10 ಗ್ರಾಂ ಒಣ ಮಣ್ಣನ್ನು ನೀರಿನಲ್ಲಿ, ಇನ್ನೊಂದು 10 ಗ್ರಾಂ ಸೀಮೆಎಣ್ಣೆಯಲ್ಲಿ 24 ಗಂಟೆ ಬಿಟ್ಟು ಗಾತ್ರ ಹೋಲಿಸುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ವ್ಯತ್ಯಾಸ ಶೇ. 50 ದಾಟಿತೋ, ಮಾಮೂಲಿ ಕಲ್ಲಿನ ಪಾಯವನ್ನು ನೆಚ್ಚಬೇಡಿ. ನೆಲದಾಳಕ್ಕೆ ಇಳಿದು ತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ, ಅಂದರೆ ಅಂಡರ್-ರೀಮ್ಡ್ ಪೈಲ್ ಬಗ್ಗೆ ಎಂಜಿನಿಯರರನ್ನು ಕೇಳಿ.