ಎರಡು ಆಫೀಸಿಗೆ ಒಂದೇ ನೆಟ್‌ವರ್ಕ್: ಯಾವ ಬಾಕ್ಸ್ ತೆಗೆದುಕೊಳ್ಳಲಿ?

ಪ್ರಶ್ನೆ: ನಮ್ಮದು ಎರಡು ಆಫೀಸು. ದೊಡ್ಡದರಲ್ಲಿ 20 ಜನ, ಬ್ರಾಂಚಿನಲ್ಲಿ 6 ಜನ. ಫೈಲ್ ಸರ್ವರ್ ದೊಡ್ಡ ಆಫೀಸಿನಲ್ಲಿದೆ. ಇಂಟರ್ನೆಟ್ ಮೂಲಕ ವಿಪಿಎನ್ (ಬೇರೆಯವರು ಓದಲಾಗದ ಖಾಸಗಿ ದಾರಿ) ಹಾಕಿ ಎರಡನ್ನೂ ಜೋಡಿಸಬೇಕು. ಒಬ್ಬರು ದುಬಾರಿ ಫೈರ್‌ವಾಲ್ ತನ್ನಿ ಅಂತಾರೆ, ಇನ್ನೊಬ್ಬರು ಮೂಲೆಯಲ್ಲಿರುವ ಹಳೇ ಪಿಸಿ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಬಾಕ್ಸಿನ ಮಾತು ಆಮೇಲೆ. ಮೊದಲು ದೊಡ್ಡ ಆಫೀಸಿನ ಅಪ್‌ಲೋಡ್ ಸ್ಪೀಡ್ ಎಷ್ಟಿದೆ ನೋಡಿ. ಬ್ರಾಂಚಿನವರು ಫೈಲ್ ತೆರೆದಾಗ ಅದು ಅಲ್ಲಿಂದಲೇ ಹೊರಗೆ ಬರಬೇಕು ಅಲ್ವಾ? ಅಲ್ಲಿ ಅಪ್‌ಲೋಡ್ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್) ಇದ್ದರೆ 100 ಎಂಬಿ ಫೈಲ್, ಅಂದರೆ 800 ಮೆಗಾಬಿಟ್, ಬರಲು ಕಡಿಮೆ ಎಂದರೂ 40 ಸೆಕೆಂಡ್ ಬೇಕು. ಎಂಥ ಬಾಕ್ಸ್ ತಂದಿಟ್ಟರೂ ಅದು ಕಡಿಮೆಯಾಗುವುದಿಲ್ಲ.

ಆಮೇಲೆ ಎರಡೂ ಕಡೆ ರೂಟರ್ ಪೇಜ್ ತೆರೆದು ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮಗೆ ಸ್ವಂತ ಪಬ್ಲಿಕ್ ಐಪಿ ಇಲ್ಲ, ಒಂದೇ ಐಪಿಯನ್ನು ಕಂಪನಿಯವರು ತುಂಬಾ ಜನರಿಗೆ ಹಂಚಿದ್ದಾರೆ ಎಂದರ್ಥ. ಹಾಗಿದ್ದಾಗ ಹೊರಗಿನಿಂದ ನಿಮ್ಮ ರೂಟರ್ ತಲುಪಲು ಆಗುವುದಿಲ್ಲ. ಒಂದು ಕಡೆಯಾದರೂ ಪಬ್ಲಿಕ್ ಐಪಿ ಇದ್ದರೆ ಸಾಕು, ಇನ್ನೊಂದು ಕಡೆಯವರು ಅಲ್ಲಿಗೆ ಕರೆ ಮಾಡುವ ಹಾಗೆ ಟನೆಲ್ (ವಿಪಿಎನ್‌ನ ಆ ಖಾಸಗಿ ದಾರಿ) ಶುರು ಮಾಡಬಹುದು. ಎರಡೂ ಕಡೆ ಇಲ್ಲದಿದ್ದರೆ ಬಾಕ್ಸಿಗೆ ದುಡ್ಡು ಹಾಕುವ ಮೊದಲು ಇಂಟರ್ನೆಟ್ ಕಂಪನಿಯ ಹತ್ತಿರ ಸ್ಟ್ಯಾಟಿಕ್ ಐಪಿ (ಬದಲಾಗದ ಪಬ್ಲಿಕ್ ಐಪಿ) ಕೇಳಿ.

ಈಗ ಬಾಕ್ಸ್. ಡೇಟಾಶೀಟಿನಲ್ಲಿ ದೊಡ್ಡ ಅಕ್ಷರದಲ್ಲಿ ಹಾಕುವುದು ಫೈರ್‌ವಾಲ್ ಥ್ರೂಪುಟ್, ಅಂದರೆ ವಿಪಿಎನ್ ಇಲ್ಲದೆ ಡೇಟಾ ಸಾಗಿಸುವ ವೇಗ. ನಿಮಗೆ ಬೇಕಾದದ್ದು ಅದಲ್ಲ, ಇನ್ನೂ ಕೆಳಗಿರುವ ಐಪಿಸೆಕ್ (ವಿಪಿಎನ್‌ನ ಒಂದು ವಿಧಾನ) ಅಥವಾ ವಿಪಿಎನ್ ಥ್ರೂಪುಟ್ ಎಂಬ ಸಾಲು. ಪ್ರತಿ ಪ್ಯಾಕೆಟ್ಟನ್ನೂ (ಡೇಟಾದ ತುಂಡನ್ನೂ) ಎನ್‌ಕ್ರಿಪ್ಟ್ ಮಾಡಬೇಕಲ್ಲ, ಹಾಗಾಗಿ ಆ ಸಂಖ್ಯೆ ಎಷ್ಟೋ ಸಲ ತೀರಾ ಚಿಕ್ಕದಿರುತ್ತದೆ, ಅದನ್ನೂ ದೊಡ್ಡ ಪ್ಯಾಕೆಟ್ ಕಳಿಸಿಯೇ ಅಳೆದಿರುತ್ತಾರೆ. ನಿಮ್ಮ ಲೈನಿನ ವೇಗಕ್ಕಿಂತ ಅದು ಎರಡು ಪಟ್ಟಾದರೂ ಇರಲಿ.

ಹಳೇ ಪಿಸಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಓಪಿಎನ್‌ಸೆನ್ಸ್ (ಪಿಸಿಯನ್ನೇ ಫೈರ್‌ವಾಲ್ ಮಾಡುವ ಸಾಫ್ಟ್‌ವೇರ್) ಹಾಕಿದರೆ ಚೆನ್ನಾಗಿಯೇ ಓಡುತ್ತದೆ, ಪ್ರೊಸೆಸರಿನಲ್ಲಿ ಎಇಎಸ್-ಎನ್‌ಐ (ಬೇಗ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ) ಇದ್ದರೆ ಐಪಿಸೆಕ್‌ಗೂ ತೊಂದರೆ ಇಲ್ಲ. ಆದರೆ ಅದು ಹಗಲು ರಾತ್ರಿ ಓಡಬೇಕು, ಬ್ರಾಂಚಿನಲ್ಲಿ ಪವರ್ ಸಪ್ಲೈ ಸುಟ್ಟ ದಿನ ಅಲ್ಲಿಗೆ ಹೋಗಿ ಸರಿ ಮಾಡುವವರು ಯಾರು? ನಿಮ್ಮಷ್ಟು ಚಿಕ್ಕ ಆಫೀಸಿಗೆ ನಾನು ಹೇಳುವುದು, ವೈರ್‌ಗಾರ್ಡ್ (ವಿಪಿಎನ್‌ನ ಇನ್ನೊಂದು ವಿಧಾನ) ಇರುವ ಒಂದೇ ಮಾದರಿಯ ಎರಡು ಸಣ್ಣ ರೂಟರ್ ತೆಗೆದುಕೊಳ್ಳಿ, ಜೊತೆಗೆ ಮೂರನೆಯದೊಂದು ಸ್ಪೇರ್ ಇರಲಿ. ಮೈಕ್ರೋಟಿಕ್ ಕಂಪನಿಯದು ಇರಬಹುದು, ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಲಿನಕ್ಸ್) ಓಡುವ ಯಾವುದಾದರೂ ಇರಬಹುದು. ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ 5.6 ಕರ್ನಲ್ಲಿನ ಒಳಗೇ ಸೇರಿತು, ಸೆಟ್ಟಿಂಗೂ ಕಡಿಮೆ. ಪಿಪಿಟಿಪಿ ಎಂಬ ಹಳೇ ವಿಪಿಎನ್ ವಿಧಾನ ಮಾತ್ರ ಬೇಡವೇ ಬೇಡ, ಅದರ ಭದ್ರತೆ ಮುರಿದು ಎಷ್ಟೋ ವರ್ಷವಾಯಿತು.

ಇನ್ನೊಂದು, ಎರಡೂ ಆಫೀಸಿನಲ್ಲಿ 192.168.1 ಸಾಲಿನ ಐಪಿಗಳೇ ಇವೆಯಾ? ಇದ್ದರೆ ಒಂದು ಕಡೆ 192.168.20 ಮಾಡಿ, ಇಲ್ಲದಿದ್ದರೆ ಪ್ಯಾಕೆಟ್ಟಿಗೆ ಎತ್ತ ಹೋಗಬೇಕೆಂದೇ ತಿಳಿಯುವುದಿಲ್ಲ. ಇದನ್ನು ಬಾಕ್ಸ್ ಬರುವ ಮೊದಲೇ ಮುಗಿಸಿ, ಪ್ರಿಂಟರುಗಳ ಐಪಿ ಬದಲಾಯಿಸುವುದಕ್ಕೇ ಅರ್ಧ ದಿನ ಹೋಗುತ್ತದೆ.

ಪ್ರಶ್ನೆ: ಟನೆಲ್ ಹಾಕಿದ್ದೇವೆ, ಪಿಂಗ್ ಹೋಗುತ್ತಿದೆ, ಆದರೆ ದೊಡ್ಡ ಫೈಲ್ ಅರ್ಧಕ್ಕೇ ನಿಲ್ಲುತ್ತದೆ. ರೂಟರ್ ಬದಲಾಯಿಸಬೇಕಾ?

ಉತ್ತರ: ಸುಮ್ನೆ ಬದಲಾಯಿಸಬೇಡಿ, ಇದು ಹೆಚ್ಚಾಗಿ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ತೊಂದರೆ. ಸಾಮಾನ್ಯ ಪ್ಯಾಕೆಟ್ 1500 ಬೈಟ್, ವೈರ್‌ಗಾರ್ಡ್ ತನ್ನ ಹೊದಿಕೆಗೆ 80 ಬೈಟ್‌ವರೆಗೂ ತೆಗೆದುಕೊಳ್ಳುತ್ತದೆ, ಉಳಿಯುವುದು 1420. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ) ಲೈನಾದರೆ ಇನ್ನೂ 8 ಕಳೆದು 1412. ಚಿಕ್ಕ ಪಿಂಗ್ ಇದರೊಳಗೆ ಆರಾಮಾಗಿ ನುಸುಳುತ್ತದೆ, ದೊಡ್ಡ ಪ್ಯಾಕೆಟ್ ಹಿಡಿಸದೆ ಬಿದ್ದುಹೋಗುತ್ತದೆ. ಟನೆಲ್‌ನ ಎಂಟಿಯು ಎರಡೂ ಕಡೆ 1412 ಮಾಡಿ, ರೂಟರಿನಲ್ಲಿ ಎಂಎಸ್‌ಎಸ್ ಕ್ಲ್ಯಾಂಪಿಂಗ್ (ಎರಡೂ ಕಡೆಯ ಕಂಪ್ಯೂಟರ್ ಚಿಕ್ಕ ಪ್ಯಾಕೆಟ್ಟನ್ನೇ ಕಳಿಸುವ ಹಾಗೆ ಮಾಡುವ ಸೆಟ್ಟಿಂಗ್) ಆನ್ ಮಾಡಿ, ಅದೇ ಫೈಲ್ ಮತ್ತೆ ಕಳಿಸಿ ನೋಡಿ.