ಗುಂಡು ಬೀಳುವ ಮೊದಲಿನ ಮಲಾಲಾ

ನಿಮ್ಮ ಪ್ರಶ್ನೆ ಹೀಗಿದೆ: "ಮಲಾಲಾಗೆ ಗುಂಡು ಬಿತ್ತು, ಅದೃಷ್ಟಕ್ಕೆ ಬದುಕಿದಳು, ನೊಬೆಲ್ ಸಿಕ್ಕಿತು. ಇದರಲ್ಲಿ ಧೈರ್ಯ ಎಲ್ಲಿದೆ? ಹೆಣ್ಣುಮಕ್ಕಳ ಓದಿಗೆ ಆಕೆ ನಿಜಕ್ಕೂ ಮಾಡಿದ್ದೇನು?"

ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಹಾಸನ ಜಿಲ್ಲೆಯ ಸಕಲೇಶಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಮಾತು ಬಂದಿತ್ತು. "ಗುಂಡು ತಿನ್ನೋದು ಸಾಧನೆನಾ ಮೇಡಂ?" ಅಂತ ಒಬ್ಬರು ಟೀ ಕುಡಿಯುತ್ತಾ ಕೇಳಿದರು. ಅಲ್ಲ, ಒಪ್ಪಿದೆ. ಗುಂಡು ಹೊಡೆದವನ ಕೆಲಸ ಅದು. ಆಕೆಯ ಕೆಲಸ ಅದಕ್ಕೆ ನಾಲ್ಕು ವರ್ಷ ಮೊದಲೇ ಶುರುವಾಗಿತ್ತು. ಅದನ್ನು ಹೇಳದೆ ನಾವು ಬರೀ ಗುಂಡಿನ ಕತೆ ಹೇಳುತ್ತೇವೆ. ಅದಕ್ಕೇ ಈ ಪ್ರಶ್ನೆ ಹುಟ್ಟುತ್ತದೆ ಅಂತ ನನ್ನ ಅನಿಸಿಕೆ.

ಸ್ವಾತ್ ಅನ್ನುವುದು ಪಾಕಿಸ್ತಾನದ ಉತ್ತರದ ಒಂದು ಕಣಿವೆ. ಬೆಟ್ಟ, ಹೊಳೆ, ಹಣ್ಣಿನ ತೋಟ. ಫೋಟೋ ನೋಡಿದರೆ ನಮ್ಮ ಬಿಸ್ಲೆ ಘಾಟಿ ಕಡೆಯವರಿಗೆ ಹಿಮ ಒಂದು ಬಿಟ್ಟು ಬೇರೇನೂ ಹೊಸದು ಅನ್ನಿಸುವುದಿಲ್ಲ. ಅಲ್ಲಿನ ಮಿಂಗೋರಾ ಪಟ್ಟಣದಲ್ಲಿ ಆಕೆ ಹುಟ್ಟಿದ್ದು 1997ರ ಜುಲೈ 12ಕ್ಕೆ. ಅಪ್ಪ ಜಿಯಾವುದ್ದೀನ್ ಅಲ್ಲೇ ಒಂದು ಶಾಲೆ ನಡೆಸುತ್ತಿದ್ದರು. ಅವರ ಮನೆತನದ ವಂಶವೃಕ್ಷದಲ್ಲಿ ಬರೀ ಗಂಡಸರ ಹೆಸರುಗಳಿದ್ದವಂತೆ. ಅಪ್ಪ ತಮ್ಮ ಹೆಸರಿನಿಂದ ಒಂದು ಗೆರೆ ಎಳೆದು ಮಲಾಲಾ ಅಂತ ಬರೆದರು. ನಮ್ಮಲ್ಲಿ ಜಮೀನಿನ ಖಾತೆಗೆ ವಂಶವೃಕ್ಷ ಮಾಡಿಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಹೇಗೆ ಅಂತ ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಆ ಒಂದು ಗೆರೆ ಎಷ್ಟು ದೊಡ್ಡದು ಅಂತ ನಮಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ.

2007ರ ಹೊತ್ತಿಗೆ ಕಣಿವೆ ತಾಲಿಬಾನಿನ ಹಿಡಿತಕ್ಕೆ ಬಂತು. ಅವರ ನಾಯಕ ಫಜಲುಲ್ಲಾ ಒಂದು ಎಫ್‌ಎಂ ರೇಡಿಯೋ ಇಟ್ಟುಕೊಂಡಿದ್ದ. ಅವನು ಬರೀ ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇದ್ದ. ಇಂಥ ಹುಡುಗಿ ಶಾಲೆ ಬಿಟ್ಟಿದ್ದಾಳೆ ಅಂತ ಹೆಸರು ಹಿಡಿದು ರೇಡಿಯೋದಲ್ಲಿ ಅಭಿನಂದನೆ ಹೇಳುತ್ತಿದ್ದ. ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಅಂದಿತು. ಯಾಕಂದರೆ ಆ ಹೊಗಳಿಕೆ ನನಗೆ ಗೊತ್ತು. "ನಿಮ್ಮ ಹುಡುಗಿ ಬಂಗಾರ ಕಣ್ರೀ, ಮನೆ ಎಷ್ಟು ಚೆನ್ನಾಗಿ ನೋಡ್ಕೊಳ್ತಾಳೆ." ನನ್ನಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗ ನೆಂಟರೆಲ್ಲ ಹೇಳಿದ್ದು ಇದನ್ನೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಹೈಸ್ಕೂಲು ದೂರ, ಅಷ್ಟೇ.

ಬಾಂಬ್ ಇಟ್ಟು ಶಾಲೆಗಳನ್ನು ಉಡಾಯಿಸುವುದೂ ನಡೆದೇ ಇತ್ತು. ನೂರಾರು ಶಾಲೆ ಹೋದವು. 2008ರ ಸೆಪ್ಟೆಂಬರಿನಲ್ಲಿ, 11 ವರ್ಷದ ಮಲಾಲಾ ಪೆಶಾವರದ ಪ್ರೆಸ್ ಕ್ಲಬ್ಬಿನಲ್ಲಿ ನಿಂತು, ಓದುವ ನನ್ನ ಹಕ್ಕನ್ನು ಕಿತ್ತುಕೊಳ್ಳೋಕೆ ತಾಲಿಬಾನಿಗೆ ಎಷ್ಟು ಧೈರ್ಯ ಅಂತ ಕೇಳಿದಳು. ಆರನೇ ಕ್ಲಾಸಿನ ಮಗುವಿನ ವಯಸ್ಸು. ನಮ್ಮಲ್ಲಿ ಆ ವಯಸ್ಸಿನ ಮಕ್ಕಳು ಇನ್‌ಸ್ಪೆಕ್ಟರ್ ಬಂದರೆ ಹೆಸರು ಹೇಳೋಕೇ ತಡವರಿಸುತ್ತವೆ.

ಆಮೇಲೆ ಬಂದದ್ದು ಡೈರಿ. ಅಲ್ಲಿನ ಒಬ್ಬ ಹುಡುಗಿ ದಿನದಿನದ ಬದುಕನ್ನು ಬರೆದರೆ ಪ್ರಕಟಿಸೋಣ ಅಂತ ಬಿಬಿಸಿ ಉರ್ದುವಿನವರು ಹುಡುಕುತ್ತಿದ್ದರು. ಮೊದಲು ಒಪ್ಪಿದ್ದು ಇನ್ನೊಬ್ಬ ಹುಡುಗಿ. ಅವಳ ಮನೆಯವರು ಹೆದರಿ ಬೇಡ ಅಂದರು. ಅವರನ್ನು ತಪ್ಪು ಅನ್ನೋಕೆ ನನಗೆ ಬಾಯಿ ಬರುವುದಿಲ್ಲ. ನಾನೂ ಎರಡು ಮಕ್ಕಳ ತಾಯಿ. ಆಗ ಜಿಯಾವುದ್ದೀನ್ ತಮ್ಮ ಮಗಳನ್ನೇ ಮುಂದೆ ಬಿಟ್ಟರು. ಅಪ್ಪನೇ ಮಗಳನ್ನು ಅಪಾಯಕ್ಕೆ ತಳ್ಳಿದ ಅನ್ನುವವರು ಇದ್ದಾರೆ. ಆ ಮಾತನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ, ಅದರಲ್ಲಿ ಒಂದು ಮುಳ್ಳಿದೆ. ಆದರೆ ಸುಮ್ಮನಿದ್ದ ಮನೆಗಳ ಹುಡುಗಿಯರೇನು ಕ್ಷೇಮವಾಗಿದ್ದರಾ?

ಡೈರಿಗೆ ಆಕೆ ಇಟ್ಟುಕೊಂಡ ಹೆಸರು ಗುಲ್ ಮಕಾಯ್. ಅದು ಒಂದು ಹೂವಿನ ಹೆಸರು. 2009ರ ಜನವರಿ 3ರ ಪುಟದಲ್ಲಿ ಮಿಲಿಟರಿ ಹೆಲಿಕಾಪ್ಟರಿನ ಕೆಟ್ಟ ಕನಸು ಬಿತ್ತು ಅಂತ ಬರೆದಿದ್ದಾಳೆ. ಅವತ್ತು ಕ್ಲಾಸಿನ 27 ಮಂದಿಯಲ್ಲಿ ಬಂದದ್ದು 11. ಮನೆಗೆ ವಾಪಸ್ ಬರುವಾಗ ಹಿಂದಿನಿಂದ ಒಬ್ಬ "ನಿನ್ನನ್ನು ಕೊಲ್ತೀನಿ" ಅಂದದ್ದು ಕೇಳಿಸಿತು. ಬೇಗ ಬೇಗ ಹೆಜ್ಜೆ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ತಿರುಗಿ ನೋಡಿದರೆ ಆತ ಮೊಬೈಲಿನಲ್ಲಿ ಬೇರೆ ಯಾರಿಗೋ ಬೆದರಿಕೆ ಹಾಕುತ್ತಿದ್ದ!

ನನಗೆ ಆಕೆಯ ಕತೆಯಲ್ಲೆಲ್ಲ ಇದೇ ಜಾಸ್ತಿ ಇಷ್ಟ. ಹೆದರಿದ್ದೆ ಅಂತ ನೇರವಾಗಿ ಬರೆದಿದ್ದಾಳೆ. ಮತ್ತೆ ಶಾಲೆಗೆ ಹೋಗಿದ್ದಾಳೆ. ಯೂನಿಫಾರ್ಮ್ ಬೇಡ, ಮನೆ ಬಟ್ಟೆಯಲ್ಲಿ ಬನ್ನಿ ಅಂತ ಶಾಲೆಯವರು ಹೇಳಿದ್ದಕ್ಕೆ ಇಷ್ಟದ ಗುಲಾಬಿ ಬಣ್ಣದ ಬಟ್ಟೆ ಹಾಕಿಕೊಂಡು ಹೋದಳು. ಬೆಳಗಿನ ಅಸೆಂಬ್ಲಿಯಲ್ಲಿ, ಬಣ್ಣಬಣ್ಣದ ಬಟ್ಟೆಯೂ ಬೇಡ ಅಂದರು. ಜನವರಿ 15ರಿಂದ ಹೆಣ್ಣುಮಕ್ಕಳ ಶಾಲೆ ಬಂದ್ ಅಂತ ತಾಲಿಬಾನ್ ಹೇಳಿತ್ತು. ಹಿಂದಿನ ದಿನ ಚಳಿಗಾಲದ ರಜೆ ಕೊಟ್ಟರು, ಮತ್ತೆ ಯಾವಾಗ ತೆರೆಯುತ್ತದೆ ಅಂತ ಹೇಳಲೇ ಇಲ್ಲ. ಹುಡುಗಿಯರು ಅವತ್ತು ಮೈದಾನದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಆಡಿದರು. ಮುಂದೆ ಪುಸ್ತಕವನ್ನು ಶಾಲಿನ ಒಳಗೆ ಮುಚ್ಚಿಟ್ಟುಕೊಂಡು ಓಡಾಡಿದ ದಿನಗಳೂ ಬಂದವು.

ಉಳಿದದ್ದು ನಿಮಗೆ ಗೊತ್ತಿರುವುದೇ. ಅದೇ ವರ್ಷದ ಕೊನೆಗೆ ಗುಲ್ ಮಕಾಯ್ ಯಾರು ಅನ್ನುವುದು ಹೊರಬಿತ್ತು. ಟಿವಿಯಲ್ಲಿ ಮುಖ ತೋರಿಸಿಯೇ ಮಾತಾಡಿದಳು. 2012ರ ಅಕ್ಟೋಬರ್ 9ಕ್ಕೆ ಪರೀಕ್ಷೆ ಮುಗಿಸಿ ಶಾಲೆಯ ಗಾಡಿಯಲ್ಲಿ ವಾಪಸ್ ಹೋಗುವಾಗ ಒಬ್ಬ ಹತ್ತಿ "ಮಲಾಲಾ ಯಾರು?" ಅಂತ ಕೇಳಿ ಹೊಡೆದ. ಆಗ ಅವಳಿಗೆ 15. ಪಕ್ಕದಲ್ಲಿದ್ದ ಕೈನಾತ್, ಶಾಜಿಯಾ ಅನ್ನುವ ಇಬ್ಬರಿಗೂ ಗುಂಡು ತಾಗಿತು. ಆ ಹೆಸರುಗಳನ್ನು ನಾವು ಮರೆತೇ ಬಿಡುತ್ತೇವೆ, ನೋಡಿ. ಪೆಶಾವರ, ರಾವಲ್ಪಿಂಡಿ, ಕೊನೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಆಸ್ಪತ್ರೆ. ತಲೆಬುರುಡೆಗೆ ಟೈಟಾನಿಯಂ ತಗಡು, ಎಡಗಿವಿಗೆ ಯಂತ್ರ. ಬದುಕಿದ್ದು ಅದೃಷ್ಟ ಅಂತಲೇ ಇಟ್ಟುಕೊಳ್ಳಿ. ಬದುಕಿದ ಮೇಲೆ ಬಾಯಿ ಮುಚ್ಚಿಕೊಂಡು ಇರಬಹುದಿತ್ತಲ್ಲ? ಒಂಬತ್ತೇ ತಿಂಗಳಿಗೆ, 16ನೇ ಹುಟ್ಟುಹಬ್ಬದ ದಿನ, ವಿಶ್ವಸಂಸ್ಥೆಯಲ್ಲಿ ನಿಂತು ಅದೇ ಹಳೇ ಮಾತನ್ನು ಹೇಳಿದಳು. 2014ರಲ್ಲಿ ನಮ್ಮ ಕೈಲಾಶ್ ಸತ್ಯಾರ್ಥಿಯವರ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ ಆಕೆ ಕೆಮಿಸ್ಟ್ರಿ ಕ್ಲಾಸಿನಲ್ಲಿದ್ದಳು. ಆ ದಿನದ ಪಾಠ ಮುಗಿಸಿಕೊಂಡೇ ಪತ್ರಕರ್ತರ ಮುಂದೆ ಬಂದಳು. ಮೇಷ್ಟ್ರು ಜಾತಿಯವರಿಗೆ ಇದಕ್ಕಿಂತ ಬೇರೆ ಖುಷಿ ಏನಿದೆ?

ಆಕೆ ಹೋರಾಡಿದ್ದರಿಂದ ಎಲ್ಲ ಸರಿಹೋಯಿತಾ ಅಂದರೆ, ಇಲ್ಲ. ಅಫ್ಘಾನಿಸ್ತಾನದಲ್ಲಿ 2021ರಿಂದ ಹುಡುಗಿಯರಿಗೆ ಆರನೇ ಕ್ಲಾಸಿನ ಮೇಲೆ ಶಾಲೆ ಇಲ್ಲ. ಮರುವರ್ಷ ಡಿಸೆಂಬರಿನಲ್ಲಿ ಯೂನಿವರ್ಸಿಟಿ ಬಾಗಿಲೂ ಮುಚ್ಚಿತು. ಆಕೆ ಈಗಲೂ ಅದನ್ನೇ ಹೇಳಿಕೊಂಡು ಓಡಾಡುತ್ತಿದ್ದಾಳೆ.

ಈಗ ನಮ್ಮೂರಿಗೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ನನ್ನ ನಿಜವಾದ ಉತ್ತರ ಇಲ್ಲಿದೆ.

ನಮ್ಮಲ್ಲಿ ತಾಲಿಬಾನ್ ಇಲ್ಲ. ಎಂಟನೇ ಕ್ಲಾಸಿಗೆ ಸರ್ಕಾರ ಸೈಕಲ್ ಕೊಟ್ಟ ಕಾಲ ನೋಡಿದ್ದೇವೆ, ಬಿಸಿಯೂಟ ಇದೆ, 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸೂ ಫ್ರೀ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಪೇಪರಿನಲ್ಲಿ "ಬಾಲಕಿಯರೇ ಮೇಲುಗೈ" ಅನ್ನುವ ಹೆಡ್ಡಿಂಗು ಇದ್ದದ್ದೇ. ಆದರೆ ಕಡ್ಡಾಯ ಶಿಕ್ಷಣದ ಕಾಯ್ದೆ ಕೈ ಹಿಡಿಯುವುದು 14 ವರ್ಷದವರೆಗೆ ಮಾತ್ರ. ನಮ್ಮ ಹುಡುಗಿಯರು ಜಾರುವುದು ಸರಿಯಾಗಿ ಅಲ್ಲಿಂದಲೇ. ಕಾಫಿ ಕೊಯ್ಲು ಶುರುವಾದರೆ ಅಮ್ಮ ತೋಟಕ್ಕೆ, ಇವಳು ಮನೆಗೆ, ಚಿಕ್ಕ ಮಗುವಿಗೆ. ಮಳೆಗಾಲದಲ್ಲಿ ಹಳ್ಳ ತುಂಬುತ್ತದೆ. ಮಿಕ್ಕ ಕಾಲಕ್ಕೆ ಆನೆ ಇದೆ. ಬೆಳಿಗ್ಗೆ ವಾಟ್ಸಾಪಿನಲ್ಲಿ ಇಂಥ ಎಸ್ಟೇಟ್ ಹತ್ತಿರ ಒಂಟಿ ಸಲಗ ಇದೆ ಅಂತ ಮೆಸೇಜ್ ಬಂದರೆ ಆ ಕಡೆಯ ಮಕ್ಕಳ ಹಾಜರಿ ಅವತ್ತು ಖಾಲಿ. ಸುಳ್ಳು ಭಯವಲ್ಲ ಅದು, ಆನೆ ತುಳಿದು ಸತ್ತವರು ನಮ್ಮ ತಾಲೂಕಿನಲ್ಲಿದ್ದಾರೆ.

2023ರಲ್ಲಿ ಹತ್ತನೇ ಕ್ಲಾಸಿಗೆ ಮಲಾಲಾಳ ಡೈರಿಯ ವಿಷಯ ಹೇಳಿ, ನೀವೂ ಒಂದು ವಾರ ಬರೀರಿ ಅಂದೆ. ಹೆಸರು ಹಾಕಬೇಡಿ, ಗುಲ್ ಮಕಾಯ್ ತರ ಹೂವಿನ ಹೆಸರು ಇಟ್ಟುಕೊಳ್ಳಿ. ಸುರಗಿ, ಕಾಕಡ, ಕಾಫಿ ಹೂ, ಡೇರೆ ಎಲ್ಲ ಬಂತು. ಒಬ್ಬ ಹುಡುಗ ಪಾರ್ಥೇನಿಯಂ ಅಂತ ಬರೆದಿದ್ದ. (ಅಕ್ಷರ ನೋಡಿದರೆ ಯಾರು ಅಂತ ನನಗೆ ಗೊತ್ತಾಗುತ್ತೆ, ಅದು ಬೇರೆ ಮಾತು.) ಜಾಸ್ತಿಯೆಲ್ಲ ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ. ಡೇರೆ ಅನ್ನುವವಳ ಪುಸ್ತಕದಲ್ಲಿ ಒಂದು ದಿನದ್ದು ಎರಡೇ ಸಾಲಿತ್ತು.

"ಇವತ್ತು ಆನೆ ಇರಲಿಲ್ಲ. ಆದ್ರೂ ಅಪ್ಪ ಬೇಡ ಅಂದ್ರು."

ಕೆಂಪು ಪೆನ್ನು ಕೈಯಲ್ಲೇ ಉಳಿಯಿತು. ಇದಕ್ಕೆ ರೈಟ್ ಹಾಕಲಾ, ಸಹಿ ಹಾಕಲಾ?

ಆ ಡಿಸೆಂಬರಿನಲ್ಲಿ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ಇತ್ತು. ನೀವು ನೋಡಿರಬಹುದು, ಶಾಮಿಯಾನ, ಬಿಸ್ಕತ್ತು, ಮಕ್ಕಳಿಂದ ಎರಡು ಪ್ರಶ್ನೆ, ಎಲ್ಲ ಮೊದಲೇ ಮೇಷ್ಟ್ರುಗಳು ಬರೆದುಕೊಟ್ಟಿದ್ದು. ನಾನೂ ಬರೆದುಕೊಟ್ಟಿದ್ದೆ, ಸುಳ್ಳು ಹೇಳಲ್ಲ. ಶೌಚಾಲಯದ ಬಾಗಿಲಿನ ಬಗ್ಗೆ ಡೇರೆ ಕೇಳಬೇಕಿತ್ತು. ಕೇಳಿದಳು. ಮೈಕು ವಾಪಸ್ ಕೊಡಲಿಲ್ಲ. ಚೀಟಿ ಮಡಚಿ ಕೈಯಲ್ಲಿ ಹಿಡಿದುಕೊಂಡು, "ಇನ್ನೊಂದು ಸಾರ್" ಅಂದಳು.

"ನಮ್ಮ ಎಸ್ಟೇಟ್ ಆಳುಗಳ ಲೈನ್ ಮನೆಯಿಂದ ಬಸ್ಸಿಗೆ ಮೂರು ಕಿಲೋಮೀಟರ್ ನಡೀಬೇಕು. ಆನೆ ಅಂತ ನನ್ನನ್ನ ಕಳಿಸಲ್ಲ. ನನ್ನ ತಮ್ಮ ಎಂಟನೇ ಕ್ಲಾಸು, ಅವನು ಬರ್ತಾನೆ. ಆನೆಗೆ ಹುಡುಗ ಹುಡುಗಿ ಗೊತ್ತಾಗುತ್ತಾ ಸಾರ್?"

ಜನ ನಕ್ಕರು. ಅವಳು ನಗಲಿಲ್ಲ. ಹಿಂದಿನ ಸಾಲಿನಲ್ಲಿ ಅವಳ ಅಪ್ಪ ತಲೆ ತಗ್ಗಿಸಿ ಕೂತಿದ್ದರು. ನನ್ನ ಎದೆ ಡವಡವ ಅನ್ನುತ್ತಿತ್ತು. ಸಭೆಗಲ್ಲ, ಅವತ್ತು ರಾತ್ರಿ ಆ ಮನೆಯಲ್ಲಿ ಏನಾಗುತ್ತೋ ಅಂತ.

ಮಾರನೇ ದಿನ ಆತ ಶಾಲೆಗೆ ಬಂದರು. "ಊರೆದುರಿಗೆ ಮರ್ಯಾದೆ ತೆಗೆದಳು ಮೇಡಂ, ನೀವೇ ಹೇಳಿಕೊಟ್ಟಿದ್ದು" ಅಂದರು. "ಇಲ್ಲ ಅಣ್ಣಾ, ನಾನು ಹೇಳಿಕೊಟ್ಟಿದ್ದು ಬರೀ ಬಾಗಿಲಿನ ಬಗ್ಗೆ" ಅಂದೆ. ಡೈರಿ ತೋರಿಸಲಾ ಅಂತ ಒಂದು ಕ್ಷಣ ಅನ್ನಿಸಿತು. ತೋರಿಸಲಿಲ್ಲ, ಅದು ಡೇರೆಯದು. ಆತ ಕಾಫಿ ಕೂಡ ಕುಡಿಯದೆ ಹೋದರು. ಎರಡು ವಾರ ಅವಳು ಬರಲಿಲ್ಲ. ಮಾತಾಡಿದ್ದಕ್ಕೆ ಇಂಥ ಬೆಲೆಯೂ ಇರುತ್ತದೆ. ಆ ಎರಡು ವಾರ ನಾನು ನನ್ನನ್ನೇ ಬೈದುಕೊಂಡೆ. ಮಿಂಗೋರಾದ ಆ ಅಪ್ಪ ಅಷ್ಟು ವರ್ಷ ಹೇಗೆ ನಿದ್ದೆ ಮಾಡಿದರೋ ಅಂತ ಆಗಲೇ ಯೋಚಿಸಿದ್ದು.

ಬಸ್ಸು ಒಳಗಿನವರೆಗೆ ಬರಲಿ ಅನ್ನುವ ಅರ್ಜಿ ರಿಜಿಸ್ಟರಿನಲ್ಲೇ ಉಳಿಯಿತು. ಟಿಕೆಟ್ ಫ್ರೀ, ಬಸ್ಸೇ ಇಲ್ಲ. ಕೆಲಸ ಆದದ್ದು ಬೇರೆ ದಾರಿಯಲ್ಲಿ. ಡೇರೆಯ ಅಪ್ಪ ತಾವಾಗಿಯೇ ಹೋಗಿ ಎಸ್ಟೇಟಿನ ಲೆಕ್ಕ, ಆಳುಗಳನ್ನು ನೋಡಿಕೊಳ್ಳುವ ರೈಟರ್ ಹತ್ತಿರ ಮಾತಾಡಿದರು. ಬೆಳಿಗ್ಗೆ ಆಳುಗಳನ್ನು ಕರೆತರುವ ಪಿಕಪ್ ಖಾಲಿ ವಾಪಸ್ ಹೋಗುತ್ತಿತ್ತು. ಅದರಲ್ಲಿ ಲೈನ್ ಮನೆಗಳ ಮಕ್ಕಳನ್ನು ಮೇನ್ ರೋಡಿಗೆ ಬಿಡುವುದು ಅಂತ ಆಯಿತು. ಮೊದಲ ದಿನ ಟಾರ್ಪಲ್ ಹೊದ್ದ ಪಿಕಪ್ಪಿನ ಹಿಂದೆ ಐದು ಹುಡುಗಿಯರು ಒತ್ತಿಕೊಂಡು ಕೂತಿದ್ದನ್ನು ನೋಡಿದೆ. ಮಲಾಲಾ ಇದ್ದ ಗಾಡಿಯೂ ಹೆಚ್ಚು ಕಡಿಮೆ ಹೀಗೇ, ಬೆಂಚು ಹಾಕಿದ ಟ್ರಕ್ಕು. ಕಿಟಕಿ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ. ಹುಡುಗಿಯರು ಏನೋ ಹಾಡಿಕೊಂಡು ಹೋದರು.

ಡೇರೆ 2024ರಲ್ಲಿ ಎಸ್ಸೆಸ್ಸೆಲ್ಸಿ ಬರೆದಳು. ಗಣಿತ ಹೋಯಿತು. ಪರೀಕ್ಷೆ-2ರಲ್ಲಿ ಪಾಸಾದಳು, ಪಿಯುಗೆ ಸೇರಿದಳು. ದೊಡ್ಡ ರ್‍ಯಾಂಕೇನೂ ಇಲ್ಲ. ಅವಳ ಡೈರಿ ನನ್ನ ಬೀರುವಿನಲ್ಲೇ ಉಳಿದಿತ್ತು, ಮಾರ್ಕ್ಸ್ ಕಾರ್ಡ್ ತಗೊಳ್ಳೋಕೆ ಬಂದಾಗ ಕೊಟ್ಟೆ. ಒಂದು ವಾರಕ್ಕೆ ಅಂತ ಹೇಳಿದ್ದನ್ನು ಅವಳು ಆಗಾಗ ಬರೆಯುತ್ತಲೇ ಇದ್ದಳು. ಕೊಡುವ ಮುಂಚೆ ಕೊನೆಯ ಪುಟ ತೆಗೆದು ನೋಡಿದೆ.

"ಇವತ್ತು ಆನೆ ಬಂದಿತ್ತು. ಪಿಕಪ್ ಲೇಟ್. ನಾನೂ ಲೇಟ್, ತಮ್ಮನೂ ಲೇಟ್."